ಸಿಹಿನೀರಿನ ಟಬ್ಬು

ಹತ್ತು ಮೀಸೆಗಳು ಅಲ್ಲಾಡಬೇಕಿತ್ತು. ಅವಳು ಎಣಿಸಿದಾಗ ಆರೇ ಅಲ್ಲಾಡುತ್ತಿದ್ದವು. ಇನ್ನೊಮ್ಮೆ ಎಣಿಸಿದಳು, ಈ ಸಲ ಬಲದಿಂದ ಎಡಕ್ಕೆ, ಆರೇ. ಬಚ್ಚಲುಮನೆಯ ಪ್ಲಾಸ್ಟಿಕ್ ಸ್ಟೂಲನ್ನು ಸದ್ದಾಗದಂತೆ ಎತ್ತಿ ತಂದು ಸ್ನಾನದ ಟಬ್ಬಿನ ಪಕ್ಕ ಇಟ್ಟುಕೊಂಡು ಕೂತಳು. ಬೆಳಿಗ್ಗೆ ದೋಣಿಕಟ್ಟೆಯಲ್ಲಿ ಕೊಂಡಾಗ ಈ ಐದು ಲಾಬ್‌ಸ್ಟರುಗಳು ಬಾಲ ಬಡಿದ ರಭಸಕ್ಕೆ ಭಾವನ ಕನ್ನಡಕದವರೆಗೂ ನೀರು ಹಾರಿತ್ತು. ಈಗ ಯಾರೋ ಬಿಚ್ಚಿಟ್ಟು ಮರೆತುಹೋದ ಬೂಟುಗಳ ಹಾಗೆ ಟಬ್ಬಿನ ತಳದಲ್ಲಿ ಕಡುನೀಲಿಯಾಗಿ ಬಿದ್ದಿದ್ದವು. ಇಕ್ಕಳದಂಥ ಮುಂಗಾಲುಗಳಿಗೆ ಹಾಕಿದ್ದ ಹಳದಿ ರಬ್ಬರ್ ಬ್ಯಾಂಡುಗಳು ಮಾತ್ರ ಹೊಸದಾಗಿ ಹೊಳೆಯುತ್ತಿದ್ದವು. ಮಧ್ಯಾಹ್ನ ಎರಡೂವರೆ. ಮನೆಯವರೆಲ್ಲ ಊಟ ಮುಗಿಸಿ ಅಡ್ಡಾಗಿದ್ದರು. ಗೋಡೆಯ ಆಚೆ ಭಾವನ ಗೊರಕೆ, ಚಳಿಗೆ ಸ್ಟಾರ್ಟ್ ಆಗಲೊಲ್ಲದ ಗಾಡಿಯಂತೆ ಎಳೆಯುತ್ತಿತ್ತು. ಅದರಾಚೆ, ಗೊರಕೆಗಿಂತ ಮೆಲ್ಲಗೆ, ಸಮುದ್ರ.

ಭಾವ ಅವಳ ಗಂಡನ ಅಣ್ಣ, ಡ್ರೈವಿಂಗ್ ಸ್ಕೂಲು ನಡೆಸುವವರು. ಮೂವತ್ತು ವರ್ಷ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿಗೂ ಒಂದು ಬ್ರೇಕ್ ಇಟ್ಟುಕೊಂಡೇ ಕಂಡಕಂಡವರಿಗೆಲ್ಲ ಗಾಡಿ ಕಲಿಸಿದವರಿಗೆ, ಮನೆಯವರ ಬದುಕಿನಲ್ಲೂ ತಮ್ಮ ಕಡೆಗೊಂದು ಬ್ರೇಕ್ ಇದೆ ಎಂಬ ನಂಬಿಕೆ. ಕಡಲ ದಂಡೆಯ ಈ ಮನೆಯನ್ನು ನಾಲ್ಕು ದಿನಕ್ಕೆ ಬಾಡಿಗೆ ಹಿಡಿದವರೂ ಅವರೇ, ಲಾಬ್‌ಸ್ಟರ್ ತಿನ್ನದೆ ವಾಪಸ್ಸು ಹೋಗುವ ಮಾತೇ ಇಲ್ಲ ಎಂದು ಸಾರಿದವರೂ ಅವರೇ. ಮೀನುಗಾರ ಐದನ್ನೂ ಒದ್ದೆ ಗೋಣಿಯಲ್ಲಿ ಸುತ್ತಿ, "ಹೀಗೇ ತಣ್ಣಗಿರೋ ಕಡೆ ಇಡಿ, ಸಂಜೆವರೆಗೂ ಏನೂ ಆಗಲ್ಲ" ಎಂದು ಕೊಟ್ಟಿದ್ದ. ಮನೆಗೆ ಬಂದ ಭಾವ ಗೋಣಿ ಬಿಚ್ಚಿ, "ಅಯ್ಯಯ್ಯೋ, ನೀರಲ್ಲಿ ಹುಟ್ಟಿ ನೀರಲ್ಲಿ ಬೆಳೆದವು, ಒಣಗಿ ಸಾಯ್ತಾವಲ್ಲೋ! ಟಬ್ ತುಂಬಿಸೋ" ಎಂದು ತಮ್ಮನಿಗೆ ಹೇಳಿದ್ದರು. ಅವಳ ಗಂಡ ನಲ್ಲಿ ತಿರುಗಿಸಿದ್ದ. ಸಿಹಿನೀರು. ಸಮುದ್ರ ಕಾಣದೆ ಬೆಳೆದವರ ಕರುಣೆ. ಅವಳು ಬಾಗಿಲಲ್ಲಿ ನಿಂತು, "ಅವರು ಗೋಣೀಲೇ ಇಡಿ ಅಂದ್ರಲ್ಲಾ" ಎಂದಿದ್ದಳು. ಒಂದು ಸಲ. ನಲ್ಲಿಯ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಿರಲಿಲ್ಲ. ಅಥವಾ ನಲ್ಲಿಯ ಸದ್ದು ಇದೆಯೆಂದು ನೋಡಿಕೊಂಡೇ ಅವಳು ಹೇಳಿದ್ದಳು.

ಆಸ್ಪತ್ರೆಯಲ್ಲಿ ಆ ದಿನವೂ ಅವಳು ಒಂದೇ ಸಲ ಹೇಳಿದ್ದು. ಆಪರೇಷನ್ ಥಿಯೇಟರಿನಲ್ಲಿ ಇಪ್ಪತ್ತಾರು ವರ್ಷ ಅವಳು ಮಾಡಿದ ಕೆಲಸ ಎರಡೇ: ದೊಡ್ಡ ಡಾಕ್ಟರು ಕೇಳುವ ಮೊದಲೇ ಅವರ ಅಂಗೈಗೆ ಬೇಕಾದ ಹತಾರ ಇಡುವುದು, ಹೊಟ್ಟೆ ಹೊಲಿಯುವ ಮುಂಚೆ ರಕ್ತ ಹೀರಲು ಒಳಗಿಟ್ಟ ಬಟ್ಟೆಗಳೆಲ್ಲ ಹೊರಗೆ ಬಂದವೇ ಎಂದು ಎಣಿಸುವುದು. ಆ ದಿನ ಒಬ್ಬ ರೋಗಿಯ ಹೊಟ್ಟೆಯೊಳಗೆ ಮೂವತ್ತು ಹೋಗಿದ್ದವು, ಇಪ್ಪತ್ತೊಂಬತ್ತು ತಟ್ಟೆಯಲ್ಲಿದ್ದವು. "ಸರ್, ಒಂದು ಕಡಿಮೆ ಇದೆ." ಮಾತು ಮುಖಗವಸಿನ ಒಳಗೇ ಒದ್ದೆಯಾಗಿ ಅಂಟಿಕೊಂಡಿತು. "ಎಣಿಸೋದ್ರಲ್ಲಿ ತಪ್ಪಿದೀರ ಸಿಸ್ಟರ್. ಸೂಜಿ." ಅವಳು ಹೂಂ ಎಂದಳು, ಅವಳ ಕೈ ಸೂಜಿ ಕೊಟ್ಟಿತು. ಹನ್ನೊಂದನೆಯ ದಿನ, ಜ್ವರ ಇಳಿಯದೆ ಒಣಗಿಹೋಗಿದ್ದ ಆ ರೋಗಿಯನ್ನು ಮತ್ತೆ ಮಲಗಿಸಿ ಹೊಲಿಗೆ ಬಿಚ್ಚಿದಾಗ ಮೂವತ್ತನೆಯದು ಸಿಕ್ಕಿತು. "ಒಳಗೆ ಕೀವು ಕಟ್ಟಿತ್ತು, ತೆಗೆದಿದೀವಿ" ಎಂದಷ್ಟೇ ಡಾಕ್ಟರು ಅವರಿಗೆ ಹೇಳಿದರು. ಬೀಗ ರಿಪೇರಿ ಮಾಡುವ ಮನುಷ್ಯ, ಬೆರಳ ತುದಿಗಳಲ್ಲಿ ಎಂದೂ ಹೋಗದ ಕಪ್ಪು. ಮನೆಗೆ ಹೊರಟ ದಿನ ಆ ಎರಡು ಕೈ ಜೋಡಿಸಿ, "ನಿಮ್ಮ ಕೈಗುಣ ಸಿಸ್ಟರ್, ಎರಡು ಸಲ ಬದುಕಿಸಿದ್ರಿ" ಎಂದಿದ್ದರು. ಅದಕ್ಕೂ ಅವಳು ಹೂಂ ಎಂದಿದ್ದಳು. ಸೋಮವಾರ ಅವರು ಗಾಯ ತೋರಿಸಲು ಬರುತ್ತಾರೆ. ಈ ಮೂರು ದಿನ ಅಲೆ ಬಂದು ಕಾಲು ತೋಯಿಸಿದಾಗಲೆಲ್ಲ ಅವಳಿಗೆ ನೆನಪಾದದ್ದು ಸೋಮವಾರ.

ಹೂಂ ಎನ್ನುವುದನ್ನು ಅವಳಿಗೆ ಕಲಿಸಿದ್ದು ಅಜ್ಜಿ. ಬೆಳಕು ಹರಿಯುವ ಮುಂಚೆ ಎದ್ದು ಅಜ್ಜಿ ಪದ್ಯಗಳನ್ನು ರಾಗವಾಗಿ ಹೇಳಿಕೊಳ್ಳುವಾಗ ಎದುರು ಕೂತು ಹೂಂಗುಟ್ಟಲು ಒಬ್ಬರು ಬೇಕಾಗಿತ್ತು. ಮನೆಯ ಮಕ್ಕಳಲ್ಲಿ ತೂಕಡಿಸದೆ, ಕಿಸಕ್ಕೆನ್ನದೆ, ಸರಿಯಾದ ಜಾಗದಲ್ಲಿ ಹೂಂ ಎನ್ನುವವಳು ಅವಳೊಬ್ಬಳೇ. "ನೀನು ಹೂಂ ಅಂದ್ರೇನೇ ನಂಗೆ ಮುಂದಿನ ಸಾಲು ನೆನಪಾಗೋದು ಕಣೇ" ಎನ್ನುತ್ತಿದ್ದಳು ಅಜ್ಜಿ. ಅರ್ಥವಾಗದ ಪದಗಳು ಕತ್ತಲಲ್ಲಿ ಒಂದರ ಹಿಂದೊಂದು ಬಂದು, ಅವಳ ಪುಟ್ಟ ಹೂಂಕಾರದ ಮೇಲೆ ಕಾಲೂರಿ, ಮುಂದಕ್ಕೆ ದಾಟಿಹೋಗುತ್ತಿದ್ದವು. ಅದು ಅವಳಿಗೆ ದೇವರ ಸೇವೆಯೆನಿಸಿತ್ತು. ಆಮೇಲೆ ಮೇಷ್ಟರಿಗೆ, ಮೇಟ್ರನ್‌ಗೆ, ದೊಡ್ಡ ಡಾಕ್ಟರಿಗೆ, ಭಾವನಿಗೆ ಹೂಂ ಎನ್ನುತ್ತಾ ಬಂದಳು. ಟಬ್ಬಿನ ನೀರಿನಲ್ಲಿ ಆರು ಮೀಸೆಗಳು ಅತ್ತಿತ್ತ ತೂಗುತ್ತಿದ್ದಂತೆ, ಆ ಹೂಂನ ಇನ್ನೊಂದು ಅರ್ಧ, ಎಷ್ಟೋ ವರ್ಷ ಎಲ್ಲೋ ಬಿದ್ದಿದ್ದ ಅರ್ಧ, ತಾನಾಗಿ ನೆನಪಿಗೆ ಬಂತು: ಅಜ್ಜಿ ಎಲ್ಲಾದರೂ ಒಂದು ಸಾಲು ಹಾರಿಸಿದರೆ ಅವಳು ಹೂಂ ಎನ್ನುತ್ತಿರಲಿಲ್ಲ. ಬಾಯಿ ಬಿಗಿಹಿಡಿದು ಕೂತುಬಿಡುತ್ತಿದ್ದಳು. ಅಜ್ಜಿ ತಡವರಿಸಿ, ನಿಂತು, ಹಿಂದಕ್ಕೆ ಹೋಗಿ, ಬಿಟ್ಟುಹೋದ ಸಾಲನ್ನು ಕೈಹಿಡಿದು ಕರೆದುಕೊಂಡು ಬರುತ್ತಿದ್ದಳು. ಆರು ವರ್ಷದ ಹುಡುಗಿ ಸುಮ್ಮನಿದ್ದೇ ಎಪ್ಪತ್ತರ ಮುದುಕಿಯನ್ನು ಹಿಂದಕ್ಕೆ ಕಳಿಸುತ್ತಿದ್ದಳು.

ಅವಳು ನೀರಿಗೆ ಕೈ ಹಾಕಿದಳು. ಎಲ್ಲಕ್ಕಿಂತ ದೊಡ್ಡದನ್ನು, 'ಇದು ನಂದು, ಯಾರೂ ಕಣ್ಣು ಹಾಕ್ಬೇಡಿ' ಎಂದು ಭಾವ ಬೆಳಿಗ್ಗೆಯೇ ಆರಿಸಿಟ್ಟಿದ್ದನ್ನು, ಬೆನ್ನು ಹಿಡಿದು ಎತ್ತಿದಳು. ಜೀವವಿದ್ದರೆ ಬಾಲ ಹೊಟ್ಟೆಯ ಕೆಳಕ್ಕೆ ಮಡಚಿಕೊಳ್ಳಬೇಕು. ಒದ್ದೆ ಟವಲಿನ ಹಾಗೆ ನೇತಾಡಿತು. ಅದನ್ನು ಪಕ್ಕಕ್ಕಿಟ್ಟು ಮಿಕ್ಕ ನಾಲ್ಕನ್ನು ಒಂದೊಂದಾಗಿ ಎತ್ತಿದಳು. ಮೂರು ನಿಧಾನವಾಗಿ, ಬೇಸರದಿಂದೆಂಬಂತೆ ಬಾಲ ಮಡಚಿದವು. ನಾಲ್ಕನೆಯದು ಯೋಚಿಸಿ ಯೋಚಿಸಿ ಮಡಚಿತು. ಅವನ್ನು ನೆನೆಸಿದ ಗೋಣಿಯ ಮೇಲೆ ಮಲಗಿಸಿ, ಮೇಲೊಂದು ಒದ್ದೆ ಬಟ್ಟೆ ಹೊದಿಸಿ, ಟಬ್ಬಿನ ಬಿರಡೆ ಎಳೆದಳು. ನೀರು ಗುಳುಗುಳು ಎಂದು ಇಳಿದುಹೋಯಿತು. ಆಮೇಲೆ ಹೋಗಿ ಭಾವ ಮಲಗಿದ್ದ ಕೋಣೆಯ ಬಾಗಿಲು ತಟ್ಟಿದಳು, ಅಂಗೈಯಿಂದಲ್ಲ, ಮುಷ್ಟಿಯಿಂದ.

"ಏನು ಸಿಸ್ಟರ್, ಎಮರ್ಜೆನ್ಸಿನಾ?" ಭಾವ ಕಣ್ಣುಜ್ಜುತ್ತಾ ಎದ್ದು ಬಂದರು. ಸಂಬಂಧದಲ್ಲಿ ತಮ್ಮನ ಹೆಂಡತಿಯಾದರೂ ಅವಳನ್ನು ಅವರು ಕರೆಯುವುದೇ ಹಾಗೆ, ತಮಾಷೆಗೆ. ಇಪ್ಪತ್ತು ವರ್ಷದಿಂದ ಅದೇ ತಮಾಷೆ.

"ಒಂದು ಸತ್ತಿದೆ ಭಾವ. ಸಿಹಿನೀರು ಅವಕ್ಕೆ ಆಗಲ್ಲ. ಮಿಕ್ಕಿದ್ದನ್ನ ಈಗಲೇ ಬೇಯಿಸ್ಬೇಕು."

"ಈಗಲೇನಾ! ಮನೆಯೊಡತಿಯಮ್ಮನ್ನ ಏಳು ಗಂಟೆಗೆ ಊಟಕ್ಕೆ ಕರೆದಿದೀನಲ್ಲಮ್ಮಾ. ಅವೇನೋ ನಿದ್ದೆ ಮಾಡ್ತಿರ್ತವೆ. ತಣ್ಣೀರಲ್ಲಿ ನಿದ್ದೆ ಬರುತ್ತೆ ಅವಕ್ಕೆ, ಎಲ್ಲೋ ಓದಿದೀನಿ. ಏಳಕ್ಕೆ ಮಾಡೋಣ, ನಾನೇ ಮಾಡ್ತೀನಿ. ಸರಿ ತಾನೇ?" ಎಂದು ಅವಳ ಹೂಂಗಾಗಿ ಅರೆಕ್ಷಣ ನಿಂತು, ಬಂತೆಂದೇ ಲೆಕ್ಕ ಹಿಡಿದು, ಹಾಸಿಗೆಯ ಕಡೆ ತಿರುಗಿದರು.

ಹೂಂ ಬರಲಿಲ್ಲ. ಅವಳು ಬಾಯಿ ಬಿಗಿಹಿಡಿದು ನಿಂತಿದ್ದಳು. ಹಜಾರದಲ್ಲಿ ಫ್ಯಾನು ಎರಡು ಸುತ್ತು ಸುತ್ತಿತು, ಮೂರು ಸುತ್ತಿತು. ಮೆಟ್ಟಿಲು ಇದೆಯೆಂದು ಕಾಲಿಟ್ಟು ಇಲ್ಲದೆ ಮುಗ್ಗರಿಸಿದವರ ಹಾಗೆ ಭಾವ ತಿರುಗಿ ನೋಡಿದರು. "ಏನಮ್ಮಾ?"

"ಉಹೂಂ" ಎಂದಳು. ತನ್ನ ದನಿ ತನಗೇ ಅಪರಿಚಿತವಾಗಿ, ಯಾರೋ ದಪ್ಪ ಹೆಂಗಸು ಹಿಂದೆ ನಿಂತು ಮಾತಾಡಿದಂತೆ ಕೇಳಿಸಿತು. "ಏಳು ಗಂಟೆಗೆ ನಾಲ್ಕೂ ಸತ್ತಿರ್ತವೆ. ಸತ್ತಿದ್ದನ್ನ ತಿಂದ್ರೆ ರಾತ್ರಿಯೆಲ್ಲ ನಾನು ನಿಮಗೆ ಡ್ರಿಪ್ ಹಾಕ್ತಾ ಕೂತಿರ್ಬೇಕು. ಈಗಲೇ ಬೇಯಿಸ್ತೀನಿ. ಮನೆಯೊಡತೀನ ನಾಲ್ಕಕ್ಕೆ ಬರೋಕೆ ಹೇಳಿ." ಮತ್ತೆ, ಸದ್ದಿಗೆ ಎದ್ದು ಬಂದಿದ್ದ ಗಂಡನ ಕಡೆ ತಿರುಗಿದಳು. ಕನ್ನಡಕದ ಅಂಗಡಿ ಇಟ್ಟಿದ್ದ ಆ ಮೆತ್ತನೆಯ ಮನುಷ್ಯ ಅಣ್ಣನ ಮುಖ, ಹೆಂಡತಿಯ ಮುಖ ನೋಡುತ್ತಾ, ಯಾವ ಗಾಜಿನಲ್ಲಿ ಸರಿಯಾಗಿ ಕಾಣುತ್ತದೆಂದು ಪರೀಕ್ಷಿಸುವವನಂತೆ ನಿಂತಿದ್ದ. "ನೀವು ಎರಡು ಬಕೆಟ್ ಸಮುದ್ರದ ನೀರು ತನ್ನಿ. ದಡದ ಹತ್ತಿರದ್ದು ಬೇಡ, ಮೊಣಕಾಲುದ್ದ ಹೋಗಿ. ಮರಳು ಬರಬಾರದು."

ಅವನು ಹೋದ. ಓಡಿಯೇ ಹೋದ. ಕಿಟಕಿಯಿಂದ ಕಂಡಿತು: ಪ್ಯಾಂಟು ಮಡಚಿಕೊಂಡು, ಎರಡೂ ಕೈಯಲ್ಲಿ ಬಕೆಟ್ಟು, ಬಿಸಿ ಮರಳಿನ ಮೇಲೆ ಕುಣಿಯುತ್ತಾ. ಅವಳಿಗೆ ನಗು ಬಂತು. ಅಡುಗೆಮನೆಯಲ್ಲಿ ಇದ್ದುದರಲ್ಲೇ ದೊಡ್ಡ ಪಾತ್ರೆಯನ್ನು ಒಲೆಯ ಮೇಲೇರಿಸಿ, ಬೆಳ್ಳುಳ್ಳಿ ಬಿಡಿಸಲು ಓರಗಿತ್ತಿಯನ್ನು ಎಬ್ಬಿಸಿದಳು. ಭಾವನ ಹೆಂಡತಿಯನ್ನು ಈವರೆಗೆ ಯಾರೂ ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿರಲಿಲ್ಲ. ಅದೇ ಆಶ್ಚರ್ಯದಲ್ಲಿ ಓರಗಿತ್ತಿ ಬಿಡಿಸತೊಡಗಿದಳು. ಕಾರಿನ ಡಿಕ್ಕಿಯಿಂದ ಇಕ್ಕಳ ತರಿಸಿ, ಸೋಪು ಹಾಕಿ ಉಜ್ಜಿ, ಹತ್ತು ನಿಮಿಷ ಕುದಿಸಿ, ಒಗೆದ ಬಟ್ಟೆಯ ಮೇಲೆ ಕತ್ತರಿ, ಚಾಕು, ಇಕ್ಕಳ ಸಾಲಾಗಿ ಜೋಡಿಸಿಟ್ಟಳು. "ಆ ಇಕ್ಕಳ ಹುಟ್ಟಿದಾಗಿನಿಂದ ಇಷ್ಟು ಕ್ಲೀನಾಗಿರ್ಲಿಲ್ಲ" ಎಂದರು ಭಾವ. ಆದರೂ ಯಜಮಾನಿಕೆ ಪೂರ್ತಿ ಬಿಡಲು ಮನಸ್ಸಾಗದೆ, ತೋಳು ಮಡಚಿ ಮುಂದೆ ಬಂದರು. "ಕೊಯ್ಯೋದು ಮಾತ್ರ ಗಂಡಸರ ಕೆಲಸ. ಕೊಡು ಇಲ್ಲಿ."

ಅವರು ಅಂಗೈ ಚಾಚಿದರು. ಅವಳ ಕೈ, ಅವಳನ್ನು ಕೇಳದೆ, ಇಪ್ಪತ್ತಾರು ವರ್ಷದ ಅಭ್ಯಾಸದಲ್ಲಿ ಚಾಕುವಿನ ಹಿಡಿ ಮುಂದಾಗಿ ಆ ಅಂಗೈಗೆ ಟಪ್ಪೆಂದು ಇಟ್ಟಿತು. ಇಟ್ಟಮೇಲೆ ಅವಳಿಗೆ ತನ್ನ ಕೈಯ ಮೇಲೆ ನಾಚಿಕೆಯಾಯಿತು. ಮಂಜುಗಡ್ಡೆಯ ಮೇಲಿಟ್ಟು ಮಂಪರು ಹಿಡಿಸಿದ್ದ ಮೊದಲನೆಯದು ಹಲಗೆಯ ಮೇಲಿತ್ತು. ಭಾವ ಬಗ್ಗಿದರು. ನೆಟ್ಟಗಾದರು. ಚಾಕುವನ್ನು ಎಡಗೈಗೆ ಬದಲಾಯಿಸಿದರು, ಮತ್ತೆ ಬಲಗೈಗೆ. ಸೊಳ್ಳೆ ಹೊಡೆಯುವಾಗಲೂ ಕಣ್ಣು ಮುಚ್ಚುವವರು ಅವರು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವರಿಗೆ ಬಿಟ್ಟು. "ಇದು ನನ್ನನ್ನೇ ನೋಡ್ತಿದೆ ಕಣಮ್ಮಾ" ಎಂದರು ಕೊನೆಗೆ, ಸಣ್ಣ ದನಿಯಲ್ಲಿ.

"ಕೊಡಿ ಭಾವ."

ಚಾಕು ವಾಪಸ್ಸು ಬಂತು, ಅಲಗು ಮುಂದಾಗಿ. "ಹಾಗಲ್ಲ, ಹಿಡಿ ಈ ಕಡೆ" ಎಂದು ತಿದ್ದಿ ತೆಗೆದುಕೊಂಡಳು. ಸಾವಿರಾರು ಸಲ ಕೊಟ್ಟಿದ್ದಳು. ಈ ಕಡೆಯಿಂದ ಅದರ ಭಾರ ಎಷ್ಟೆಂದು ಗೊತ್ತಿರಲಿಲ್ಲ. ಕಡಿಮೆಯೇ ಇತ್ತು. ಪ್ರತಿ ಆಪರೇಷನ್ನಿಗೆ ಮುಂಚೆ ಕೈ ತೊಳೆಯುವ ನಲ್ಲಿಯ ಮುಂದೆ ನಿಂತು ಹೇಳಿಕೊಳ್ಳುತ್ತಿದ್ದ ಎರಡು ಮಾತನ್ನು ಮನಸ್ಸಿನಲ್ಲೇ ಹೇಳಿದಳು. ಈ ಜೀವವೂ ನಿನ್ನದೇ, ಈ ಕೈಯೂ ನಿನ್ನದೇ. ಕಣ್ಣುಗಳ ಹಿಂದೆ ಚಿಪ್ಪಿನಲ್ಲಿ ಗೆರೆ ಕೂಡುವ ಜಾಗ ಹುಡುಕಿ, ತುದಿಯಿಟ್ಟು, ಒಂದೇ ಸಲಕ್ಕೆ ಒತ್ತಿ ಮುಂದಕ್ಕೆ ಸೀಳಿದಳು. ಮುಗಿಯಿತು. ಓರಗಿತ್ತಿ "ಅಮ್ಮಾ!" ಎಂದಳು, ಲಾಬ್‌ಸ್ಟರ್ ಏನೂ ಅನ್ನಲಿಲ್ಲ. ಎರಡನೆಯದು, ಮೂರನೆಯದು, ಯೋಚಿಸಿ ಬಾಲ ಮಡಚಿದ್ದ ನಾಲ್ಕನೆಯದು. ಸಮುದ್ರದ ನೀರು ಮರಳಿ ಮರಳಿ ಕುದಿಯುತ್ತಿತ್ತು. ನಾಲ್ಕನ್ನೂ ತಲೆ ಕೆಳಗಾಗಿ ಇಳಿಸಿ, ಮುಚ್ಚಳ ಮುಚ್ಚಿ, ಗಡಿಯಾರ ನೋಡಿಕೊಂಡಳು.

ಒಂಬತ್ತು ನಿಮಿಷ. ಭಾವ ಗಾಳಿಗೆಂದು ಹೊರಗೆ ಹೋದರು. ಓರಗಿತ್ತಿ ಅವರ ಹಿಂದೆ ನೀರಿನ ಲೋಟ ಹಿಡಿದು ಹೋದಳು. ಗಂಡ ಉಳಿದ, ಅವನ ಪ್ಯಾಂಟಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಮುಚ್ಚಳದ ಅಂಚಿನಿಂದ ಆವಿ ಎದ್ದು, ಉಪ್ಪು ಮತ್ತು ಇನ್ನೇನೋ ಸಿಹಿಯಾದ, ಹಸಿಯಾದ ವಾಸನೆ ಅಡುಗೆಮನೆಯನ್ನು ತುಂಬುತ್ತಾ ಬಂತು. ಪಾತ್ರೆಯನ್ನೇ ನೋಡುತ್ತಾ ಅವಳು ಹೇಳಿದಳು. ಮೂವತ್ತು, ಇಪ್ಪತ್ತೊಂಬತ್ತು, ಸೂಜಿ, ಬೀಗದವರು. ಮೊದಲ ಸಲ ಒಬ್ಬರಿಗೆ ಹೇಳಿದ್ದು. ಅಷ್ಟು ದಿನ ಎದೆಯಲ್ಲಿ ಅಷ್ಟು ಜಾಗ ಹಿಡಿದಿದ್ದದ್ದು ಬಾಯಿಗೆ ಬಂದಾಗ ಮೂರು ನಿಮಿಷವೂ ಆಗಲಿಲ್ಲ.

"ಹೇಳಿದ್ಯಲ್ಲ ನೀನು" ಎಂದ ಗಂಡ. "ಒಂದು ಕಡಿಮೆ ಇದೆ ಅಂತ."

"ಒಂದ್ಸಲ. ಮೆಲ್ಲಗೆ. ಅಷ್ಟು ಹೇಳಿ ನನ್ನ ಜವಾಬ್ದಾರಿ ಕಳ್ಕೊಂಡೆ. ಸೂಜಿ ಕೊಡದೆ ನಿಂತಿದ್ರೆ ಡಾಕ್ಟ್ರು ಹೊಲೀತಾನೇ ಇರ್ಲಿಲ್ಲ."

"ಸೋಮವಾರ ಆ ಬೀಗದವರಿಗೆ ಹೇಳ್ತೀಯಾ? ಕೆಲಸ ಹೋಗ್ಬೋದು."

"ಗೊತ್ತಿಲ್ಲ" ಎಂದಳು. ಒಂಬತ್ತು ನಿಮಿಷವಾಗಿತ್ತು.

ಮುಚ್ಚಳ ತೆಗೆದಾಗ, ಗೊತ್ತಿದ್ದೂ ಅವಳ ಉಸಿರು ನಿಂತಿತು. ಕಡುನೀಲಿ, ಕಲ್ಲುಕಪ್ಪು ಎಲ್ಲ ಹೋಗಿ ಕೆಂಪು, ಸೂರ್ಯನನ್ನು ಎದುರಿಗೇ ಕೂರಿಸಿಕೊಂಡಂಥ ಕೆಂಪು. ಇಷ್ಟು ಕೆಂಪು ಆ ನೀಲಿಯೊಳಗೆ ಎಲ್ಲಿ ಅಡಗಿಕೊಂಡಿತ್ತು? ಗಂಡ ಕನ್ನಡಕದ ಮೇಲಿನ ಆವಿ ಒರೆಸಿಕೊಂಡು ಮತ್ತೆ ಹಾಕಿಕೊಂಡು ನೋಡಿದ. ಹೊರಗಿನಿಂದ ಭಾವ ವಾಸನೆಯ ದಾರ ಹಿಡಿದವರಂತೆ ತಾವಾಗಿ ಒಳಗೆ ಬಂದರು. ಅವಳು ನಾಲ್ಕನ್ನೂ ಹಲಗೆಗೆ ಇಳಿಸಿಕೊಂಡು, ತಲೆ ಎತ್ತದೆ, ಬಲಗೈ ಪಕ್ಕಕ್ಕೆ ಚಾಚಿ, "ಕತ್ತರಿ" ಎಂದಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಅಂಗೈಗೆ ಕತ್ತರಿ ಬಂತು, ಹಿಡಿ ಮುಂದಾಗಿ. ಕೊಟ್ಟವರು ಭಾವ. ಅವಳು ಬಾಲವನ್ನು ತಿರುಚಿ ಬೇರೆ ಮಾಡಿ, ಹೊಟ್ಟೆಯ ಕಡೆಯ ತೆಳು ಚಿಪ್ಪನ್ನು ಉದ್ದಕ್ಕೆ ಕತ್ತರಿಸಿ, ಬೆನ್ನಿನ ಕಪ್ಪು ನರವನ್ನು ಎಳೆದು ತೆಗೆದಳು. "ಇಕ್ಕಳ." ಇಕ್ಕಳ ಬಂತು. ಮುಂಗಾಲಿನ ಗೆಣ್ಣಿನ ಮೇಲೆ ಒಂದೇ ಒತ್ತು, ಚಿಪ್ಪು ಟಕ್ಕೆಂದು ಬಿಟ್ಟಿತು. ಒಳಗಿನ ಮಾಂಸ, ಬಿಳಿಯ ಮೇಲೆ ಗುಲಾಬಿ ಗೆರೆ, ತುದಿಯ ಮೊನೆಯೂ ಮುರಿಯದೆ ಇಡಿಯಾಗಿ ಜಾರಿಬಂತು. "ಬೆಣ್ಣೆ ಕರಗಿದ್ಯಾ ಅಕ್ಕಾ?" "ಕರಗಿದೆಯಮ್ಮಾ." "ಬೆಳ್ಳುಳ್ಳಿ ಕೆಂಪಾಗಬಾರದು, ಘಮ್ಮಂದ ತಕ್ಷಣ ಇಳಿಸಿ. ಭಾವ, ನಿಂಬೆಹಣ್ಣು." "ಇಗೋ." "ಬೀಜ ತೆಗೆದು ಕೊಡಿ." "ಸಾರಿ ಸಿಸ್ಟರ್" ಎಂದರು ಭಾವ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅದರಲ್ಲಿ ತಮಾಷೆ ಇರಲಿಲ್ಲ.

ನಾಲ್ಕು ಗಂಟೆಗೆ ಮನೆಯೊಡತಿ ಬಂದಳು. ಗಂಡನ ದೋಣಿಯಲ್ಲಿ ನಲವತ್ತು ವರ್ಷ ಬಲೆ ಎಳೆದು ಗಟ್ಟಿಯಾದ ಹೆಂಗಸು, ಕುರ್ಚಿ ತುಂಬ ಕೂತಳು. ಜಗಲಿಯ ಮೇಜಿನ ಮೇಲೆ ಬ್ರೆಡ್ಡು, ಬೆಣ್ಣೆಯ ಬಟ್ಟಲು, ಮೆಣಸಿನಪುಡಿ, ಕೆಂಪು ರಾಶಿ. ಐವರಿಗೆ ನಾಲ್ಕೇ. ಓರಗಿತ್ತಿ ಕಣ್ಣಲ್ಲೇ ಅಳೆದು, ಎಂದಿನ ಹಾಗೆ ಪರಿಹಾರ ಕಂಡುಹಿಡಿದಳು: "ನಮ್ಮ ಸಿಸ್ಟರ್‌ಗೆ ಇಂಥದ್ದೆಲ್ಲ ಅಷ್ಟಕ್ಕಷ್ಟೆ. ಅವಳಿಗೆ ಬ್ರೆಡ್ ಸಾಕು, ಅಲ್ವೇನೇ?"

"ಉಹೂಂ. ನಂಗೆ ಒಂದು ಪೂರ್ತಿ ಬೇಕು ಅಕ್ಕಾ" ಎಂದಳು, ತಟ್ಟೆಗೆ ಹಾಕಿಕೊಳ್ಳುತ್ತಲೇ. "ಅಣ್ಣತಮ್ಮ ಇಬ್ರೂ ಸೇರಿ ಒಂದು ತಿನ್ಲಿ. ನಲ್ಲಿ ತಿರುಗಿಸಿದವರು ಅವರಿಬ್ರೇ ತಾನೇ."

ಗಂಡ ಮೊದಲು ನಕ್ಕ. ಭಾವ ಮುಖ ಸಿಂಡರಿಸಿಕೊಂಡೇ ತಮ್ಮನ ತಟ್ಟೆಯ ಕಡೆ ಕುರ್ಚಿ ಸರಿಸಿದರು. ಅವಳು ಬಾಲದ ತುಂಡೊಂದನ್ನು ಬೆಣ್ಣೆಯಲ್ಲಿ ಅದ್ದಿ ಬಾಯಿಗಿಟ್ಟಳು. ಹಲ್ಲಿಗೆ ಮೊದಲು ಪುಟಿಯಿತು, ಆಮೇಲೆ ಸೋತಿತು. ಸಿಹಿ, ಸಿಹಿಯ ಹಿಂದೆ ಉಪ್ಪು, ಉಪ್ಪಿನ ಹಿಂದೆ ನಿಂಬೆಯ ಚುರುಕು. ಆಸ್ಪತ್ರೆಯ ಊಟದ ಕೋಣೆಯಲ್ಲಿ ಐದು ನಿಮಿಷಕ್ಕೆ, ನಿಂತುಕೊಂಡು, ಏನು ತಿಂದೆನೆಂದು ನೋಡದೆ ನುಂಗಿದ ಸಾವಿರಾರು ಮಧ್ಯಾಹ್ನಗಳು ಎಲ್ಲೋ ಹಿಂದೆ ಸಾಲುಗಟ್ಟಿ ನಿಂತು ಅಸೂಯೆಯಿಂದ ನೋಡಿದವು. ಅವಳು ನಿಧಾನವಾಗಿ ಅಗಿದಳು. ಸಣ್ಣ ಕಾಲುಗಳನ್ನೂ ಬಿಡದೆ ಮುರಿದು ಚೀಪಿದಳು. ಬೆಣ್ಣೆ ಮಣಿಕಟ್ಟು ದಾಟಿ ಮೊಣಕೈವರೆಗೂ ಇಳಿಯಿತು. ಗಂಡ ಕೈವಸ್ತ್ರ ಚಾಚಿದ; ಬೇಡವೆಂದು ತಲೆಯಾಡಿಸಿದಳು. ಮನೆಯೊಡತಿ ಪೂರ್ತಿ ತಿಂದು, ಖಾಲಿ ಚಿಪ್ಪನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟಳು. "ಹದ ಅಂದ್ರೆ ಇದು. ಒಂದು ನಿಮಿಷ ಹೆಚ್ಚಾಗಿದ್ರೂ ರಬ್ಬರ್ ಆಗಿರೋದು." ಮತ್ತೆ ಸುತ್ತ ನೋಡಿ, "ಬೆಳಿಗ್ಗೆ ಐದು ಕೊಂಡ್ರಿ ಅಂತ ನಮ್ಮ ಹುಡುಗರು ಅಂದ್ರು?" ಎಂದಳು.

"ನಾಲ್ಕು, ನಾಲ್ಕೇ" ಎಂದರು ಭಾವ ಥಟ್ಟನೆ, ಕಿವಿ ಕೆಂಪಾಗಿ. "ಅವರು ಎಣಿಸೋದ್ರಲ್ಲಿ ತಪ್ಪಿರ್ಬೇಕು."

ಅವಳ ಬಾಯಲ್ಲಿ ತುತ್ತಿತ್ತು. ಮೇಜಿನ ಸುತ್ತ ಎಲ್ಲರೂ ಅದನ್ನು ಒಪ್ಪಿಯಾಗಿತ್ತು. ಓರಗಿತ್ತಿ ಬ್ರೆಡ್ಡಿನ ತಟ್ಟೆ ಮುಂದೆ ಸರಿಸುತ್ತಿದ್ದಳು. ಮಾತು ಅವಳ ಮೇಲೆ ಕಾಲೂರಿ ಮುಂದಕ್ಕೆ ದಾಟಲು ಸಿದ್ಧವಾಗಿ ನಿಂತಿತ್ತು. ಅವಳು ಅವಸರವಿಲ್ಲದೆ ಅಗಿದು, ನುಂಗಿ, ನೀರು ಕುಡಿದಳು.

"ಐದು" ಎಂದಳು. ಪಕ್ಕದ ಮನೆಯ ಜಗಲಿಯಲ್ಲಿ ಪೇಪರ್ ಓದುತ್ತಿದ್ದವರು ತಲೆಯೆತ್ತಿ ನೋಡುವಷ್ಟು ಜೋರಾಗಿ. "ಐದು ಕೊಂಡ್ವಿ. ಟಬ್ಬಲ್ಲಿ ಸಿಹಿನೀರು ಹಾಕಿ ಇಟ್ವಿ. ಒಂದು ಸತ್ತಿತು. ಗೋಣೀಲಿ ಇಡಿ ಅಂತ ಮೀನಿನವರು ಹೇಳಿದ್ದು ನನಗೆ ಕೇಳಿಸಿತ್ತು. ನಾನು ಮೆಲ್ಲಗೆ ಒಂದ್ಸಲ ಹೇಳಿ ಸುಮ್ಮನಾದೆ. ತಪ್ಪು ನಂದೂ ಇದೆ."

ಅಲೆಯೊಂದು ಬಂದು ಹೋಯಿತು. ಆಕಾಶ ಇದ್ದಲ್ಲೇ ಇತ್ತು. ಮನೆಯೊಡತಿ ಹೊಟ್ಟೆ ಕುಲುಕಿಸಿಕೊಂಡು ನಗತೊಡಗಿದಳು: "ಟಬ್ಬಲ್ಲಾ! ಪ್ರತಿ ವರ್ಷ ಒಂದು ಮನೆಯವರಾದ್ರೂ ಅವಕ್ಕೆ ಸ್ನಾನ ಮಾಡಿಸ್ತಾರೆ ಕಣಮ್ಮಾ. ಒಪ್ಪಿಕೊಂಡವಳು ಮಾತ್ರ ನೀನೇ ಮೊದಲು." ಭಾವನೂ ಬೇರೆ ದಾರಿಯಿಲ್ಲದೆ ನಕ್ಕರು, ನಗುತ್ತಾ ನಗುತ್ತಾ ಅವರ ಕಿವಿಯ ಕೆಂಪು ಇಳಿಯಿತು.

ಆ ನಗೆಯ ಮರೆಯಲ್ಲಿ ಗಂಡ ಅವಳ ಕಡೆ ಬಾಗಿದ. "ಸೋಮವಾರ ಬೀಗದವರು ಎಷ್ಟು ಹೊತ್ತಿಗೆ ಬರ್ತಾರೆ?"

"ಹತ್ತು ಗಂಟೆಗೆ" ಎಂದಳು. ತಟ್ಟೆಯಲ್ಲಿ ಉಳಿದಿದ್ದ ದೊಡ್ಡ ಮುಂಗಾಲನ್ನು ಎತ್ತಿಕೊಂಡಳು. ಇಕ್ಕಳ ಕೇಳಲಿಲ್ಲ, ಎರಡೂ ಕೈಯಲ್ಲಿ ಹಿಡಿದು, ಗೆಣ್ಣಿನಲ್ಲಿ ಬಗ್ಗಿಸಿ ಮುರಿದಳು. "ನಾನು ಒಂಬತ್ತಕ್ಕೇ ಹೋಗಿ ಬಾಗಿಲಲ್ಲಿ ಕೂತಿರ್ತೀನಿ."